ಪಂಪು ನೀರನ್ನು ಎಳೆಯುವುದಿಲ್ಲ

ಫೆಬ್ರವರಿ ಬಂತೆಂದರೆ ಮೈಸೂರಿನ ನಮ್ಮ ಕಚೇರಿಗೆ ಬರುವ ಸದಸ್ಯರ ಮಾತೆಲ್ಲ ಪಂಪಿನದೇ. ರೋಬಸ್ಟಾ ಮೊಗ್ಗು ಸಿದ್ಧವಾಗಿರುತ್ತದೆ, ಹೂಮಳೆಯ ಸುಳಿವಿರುವುದಿಲ್ಲ, ಕೆರೆಯ ನೀರು ದಿನೇ ದಿನೇ ಇಳಿಯುತ್ತಿರುತ್ತದೆ. ಸರಿಯಾಗಿ ಆ ಹೊತ್ತಿಗೇ ಪಂಪು ನೀರೆತ್ತುವುದನ್ನು ನಿಲ್ಲಿಸುತ್ತದೆ. "ಐದು ಅಶ್ವಶಕ್ತಿ ಸಾಲದು, ಏಳೂವರೆಯದು ಬೇಕು" ಎಂದು ಸದಸ್ಯರು ಅಂಗಡಿಗೆ ಓಡುತ್ತಾರೆ. ಅನೇಕ ವೇಳೆ ಆ ಹಣ ದಂಡ. ಮೋಟಾರನ್ನು ದೂರುವ ಮೊದಲು ಗಾಳಿಯ ಲೆಕ್ಕವನ್ನು ನೋಡಬೇಕಾಗುತ್ತದೆ.

ಗಾಳಿಯ ಅಣುಗಳು ಒಂದು ಕಡೆ ಸುಮ್ಮನಿರತಕ್ಕವಲ್ಲ. ಸೆಕೆಂಡಿಗೆ ಸುಮಾರು 500 ಮೀಟರ್ ವೇಗದಲ್ಲಿ ಎಲ್ಲ ದಿಕ್ಕಿಗೂ ಓಡುತ್ತ, ಎದುರಾದುದಕ್ಕೆಲ್ಲ ಬಡಿಯುತ್ತವೆ. ಒಂದೊಂದು ಪೆಟ್ಟು ಲೆಕ್ಕಕ್ಕಿಲ್ಲದಷ್ಟು ಸಣ್ಣದು. ಆದರೆ ಆಷಾಢದ ಮಳೆ ಜಿಂಕ್ ಶೀಟಿನ ಮೇಲೆ ಬಿದ್ದಾಗ ಹನಿಗಳ ಸದ್ದೆಲ್ಲ ಕೂಡಿ ಒಂದೇ ಭೋರ್ಗರೆತವಾಗುವಂತೆ, ಕೋಟ್ಯನುಕೋಟಿ ಪೆಟ್ಟುಗಳು ಕೂಡಿ ಒತ್ತಡವಾಗುತ್ತದೆ. ಅಷ್ಟೇ ಜಾಗದಲ್ಲಿ ಹೆಚ್ಚು ಗಾಳಿಯನ್ನು ತುರುಕಿದರೆ ಪೆಟ್ಟುಗಳೂ ಹೆಚ್ಚು. ಡಾ. ಲೆಸ್ಲಿ ಕೋಲ್ಮನ್ ಅವರು ಕಳೆದ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದ ಅಡಿಕೆ ತೋಟಗಳಲ್ಲಿ ಕೊಳೆರೋಗಕ್ಕೆ ಬಳಕೆಗೆ ತಂದ ಬೋರ್ಡೋ ದ್ರಾವಣವನ್ನು, ಕೈಪಂಪಿನಿಂದ ಒತ್ತಿ ತುಂಬಿದ ಗಾಳಿಯೇ ಗೊನೆಯವರೆಗೆ ಚಿಮ್ಮಿಸುತ್ತದೆ.

ನಮ್ಮ ತಲೆಯ ಮೇಲಿನ ಗಾಳಿಗೂ ತೂಕವಿದೆ. ಸಮುದ್ರಮಟ್ಟದಲ್ಲಿ ಒಂದು ಚದರ ಸೆಂಟಿಮೀಟರ್ ಜಾಗದ ಮೇಲೆ ಸುಮಾರು ಒಂದು ಕಿಲೋ ಭಾರ ಬೀಳುತ್ತದೆ. ಸುಮಾರು 770 ಮೀಟರ್ ಎತ್ತರದಲ್ಲಿರುವ ಮೈಸೂರಿನಲ್ಲಿ ಇದು 940 ಗ್ರಾಂ ಮಾತ್ರ. ಹಾಗಿದ್ದರೂ ಚಾಚಿದ ಅಂಗೈಯ ಮೇಲೆ 90 ಕಿಲೋಗೂ ಹೆಚ್ಚು ಭಾರವಿದೆ ಎಂದಾಯಿತು! ಕೈಯ ಕೆಳಗಿನ ಗಾಳಿಯೂ ಅಷ್ಟೇ ಬಲದಿಂದ ಮೇಲಕ್ಕೆ ಒತ್ತುವುದರಿಂದ ಅದು ನಮಗೆ ತಿಳಿಯುವುದಿಲ್ಲ.

ಈಗ ಪಂಪಿಗೆ ಬರೋಣ. ಒಳಗಿನ ಚಕ್ರ ತಿರುಗಿ ನೀರನ್ನು ಹೊರಕ್ಕೆ ಎಸೆಯುತ್ತದೆ. ಚಕ್ರದ ನಡುವಿನಲ್ಲಿ ಒತ್ತಡ ಕಡಿಮೆಯಾಗುತ್ತದೆ. ಕೆರೆಯ ಮೇಲೆ ಕುಳಿತ ಗಾಳಿ ನೀರನ್ನು ಒತ್ತಿ ಸಕ್ಷನ್ ಪೈಪಿನೊಳಕ್ಕೆ ಏರಿಸುತ್ತದೆ. ಎಳೆಯುವವರು ಯಾರೂ ಇಲ್ಲ, ತಳ್ಳುವವರೇ ಇರುವುದು. ಆದುದರಿಂದ ಸಕ್ಷನ್ನಿನಲ್ಲಿ ನೀರು ಎಷ್ಟು ಏರಬಹುದೆಂಬುದಕ್ಕೆ ಗಾಳಿಯ ಬಲವೇ ಮಿತಿ. ಹೀರುವ ಪಂಪುಗಳು ಸುಮಾರು 10 ಮೀಟರಿಗಿಂತ ಮೇಲೆ ನೀರೆತ್ತವೆಂಬುದನ್ನು ಗೆಲಿಲಿಯೋ 1638ರ ಪುಸ್ತಕದಲ್ಲಿ ಬರೆದಿದ್ದ. ನಾವು ಗಾಳಿಯ ಸಮುದ್ರದ ತಳದಲ್ಲಿ ಬದುಕುತ್ತಿದ್ದೇವೆಂದೂ, ಅದರ ಭಾರ 76 ಸೆಂಟಿಮೀಟರ್ ಪಾದರಸವನ್ನು ಎತ್ತಿ ಹಿಡಿಯುತ್ತದೆಂದೂ 1644ರಲ್ಲಿ ವಿವರಿಸಿದವನು ಟೊರಿಚೆಲ್ಲಿ. 1648ರಲ್ಲಿ ಫ್ರಾನ್ಸಿನ ಪಾಸ್ಕಲ್, ತನ್ನ ಭಾವನಿಂದ ಪಾದರಸದ ನಳಿಕೆಯನ್ನು ಬೆಟ್ಟದ ಮೇಲಕ್ಕೆ ಹೊರಿಸಿದ, ಪಾದರಸ ಇಳಿಯಿತು. ನಮ್ಮ ನಗರದಿಂದ ಚಾಮುಂಡಿ ಬೆಟ್ಟದ ತುದಿಗೆ ಹೋದರೂ ಅದು ಎರಡು ಸೆಂಟಿಮೀಟರಿಗಿಂತ ಹೆಚ್ಚು ಇಳಿಯುತ್ತದೆ. (ಹಳೆಯ ಎಸ್ಟೇಟ್ ಬಂಗಲೆಗಳ ಗೋಡೆಯಲ್ಲಿನ ವಿಲಾಯತಿ ಬ್ಯಾರೋಮೀಟರು ವರ್ಷವಿಡೀ 'ಬಿರುಗಾಳಿ' ತೋರಿಸುತ್ತಿದ್ದರೆ ಹೆದರಬೇಕಾಗಿಲ್ಲ. ನಮ್ಮ ಎತ್ತರಕ್ಕೆ ಅದನ್ನು ಹೊಂದಿಸಿಲ್ಲ, ಅಷ್ಟೆ.)

ಲೆಕ್ಕ ಹೀಗಿದೆ. ಸಮುದ್ರಮಟ್ಟದಲ್ಲಿ ಗಾಳಿ ನೀರನ್ನು 10.3 ಮೀಟರ್ ಎತ್ತಬಲ್ಲದು, ಮೈಸೂರಿನಲ್ಲಿ 9.4, ಮಡಿಕೇರಿಯಷ್ಟು ಎತ್ತರದಲ್ಲಿ ಸುಮಾರು 9. ಇದು ಪೂರ್ತಿ ನಮ್ಮ ಕೈಗೆ ಸಿಗುವುದಿಲ್ಲ. ಬೇಸಗೆಯ ನೀರಿನ ಆವಿ ಸುಮಾರು 0.4 ಮೀಟರನ್ನು ಕಳೆಯುತ್ತದೆ. ಪೈಪಿನ ಘರ್ಷಣೆ ಮತ್ತಷ್ಟು. ಚಕ್ರದೊಳಕ್ಕೆ ನೀರು ನುಗ್ಗಲು ಸಾಮಾನ್ಯವಾಗಿ ಎರಡು ಮೂರು ಮೀಟರಿನಷ್ಟು ಒತ್ತಡ ಉಳಿದಿರಬೇಕು. ಕೊನೆಗೆ ದಕ್ಕುವುದು ಐದಾರು ಮೀಟರ್, ಅಂದರೆ 20 ಅಡಿಯೊಳಗೆ. 15 ಅಡಿಯಾದರೆ ನಿಶ್ಚಿಂತೆ. ಅದನ್ನು ಮೀರಿದರೆ ಪಂಪಿನೊಳಗೆ ಜಲ್ಲಿಕಲ್ಲು ಹೊರಳಿದಂತಹ ಸದ್ದು ಕೇಳುತ್ತದೆ. ಒತ್ತಡ ತೀರ ಇಳಿದು ನೀರು ಆವಿಗುಳ್ಳೆಯಾಗಿ, ಆ ಗುಳ್ಳೆಗಳು ಒಡೆಯುವ ಸದ್ದು ಅದು. ಕೆಲಕಾಲದಲ್ಲಿ ಚಕ್ರವನ್ನೇ ತಿಂದುಹಾಕುತ್ತದೆ. ಅದೇ ಪೈಪಿಗೆ ದೊಡ್ಡ ಪಂಪನ್ನು ಕೂಡಿಸಿದರೆ ನೀರಿನ ವೇಗ ಹೆಚ್ಚಿ ಘರ್ಷಣೆಯೂ ಹೆಚ್ಚುವುದರಿಂದ ಕಾಯಿಲೆ ಉಲ್ಬಣಿಸುತ್ತದೆಯೇ ಹೊರತು ವಾಸಿಯಾಗುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಪಂಪನ್ನೇ ಕೆಳಗಿಳಿಸಬೇಕು. ಕೆರೆಯ ದಂಡೆಯಲ್ಲಿ ಒಂದು ಮೆಟ್ಟಿಲು ಕಡಿದು ಕೂರಿಸುವ ಖರ್ಚು ಹೊಸ ಮೋಟಾರಿನ ಬೆಲೆಗೆ ಹೋಲಿಸಿದರೆ ಅತ್ಯಲ್ಪ. ಡೆಲಿವರಿ ಎಷ್ಟು ಎತ್ತರವಿದ್ದರೂ ಅದು ಮೋಟಾರಿನ ಜವಾಬ್ದಾರಿ. ಅಲ್ಲಿ ಅಶ್ವಶಕ್ತಿಗೆ ಬೆಲೆಯುಂಟು. ಸಕ್ಷನ್ ಪೈಪು ಡೆಲಿವರಿಗಿಂತ ಒಂದು ಅಳತೆ ದೊಡ್ಡದಿರಲಿ, ಬಾಗುಗಳು ಕಡಿಮೆಯಿರಲಿ. ಫುಟ್ ವಾಲ್ವಿಗೆ ಕಟ್ಟಿದ ತರಗೆಲೆಯನ್ನು ತೆಗೆಯತಕ್ಕದ್ದು. ಜಾಯಿಂಟಿನಲ್ಲಿ ಸೂಜಿಮೊನೆಯಷ್ಟು ಸಂದಿದ್ದರೂ ಹೊರಗಿನ ಗಾಳಿ ಅಲ್ಲಿಂದಲೇ ನುಗ್ಗಿ, ತಾನು ನೀರನ್ನು ತಳ್ಳುವ ಕೆಲಸವನ್ನು ತಾನೇ ಕೆಡಿಸುತ್ತದೆ. ನೀರೊಳಗೇ ಮುಳುಗಿರುವ ಸಬ್‌ಮರ್ಸಿಬಲ್ ಪಂಪಿಗೆ ಸಕ್ಷನ್ ಪೈಪಿನ ಈ ತೊಡಕಿಲ್ಲ.

ಪಂಪು ಕೊಳ್ಳಲು ಮೈಸೂರಿಗೆ ಹೊರಡುವ ಮುನ್ನ ಹಗ್ಗಕ್ಕೆ ಕಲ್ಲು ಕಟ್ಟಿ, ಪಂಪಿನ ಮಟ್ಟದಿಂದ ನೀರಿನ ಮಟ್ಟಕ್ಕೆ ನೇರ ಆಳವನ್ನು ಅಳೆದು ಬರೆದು ತನ್ನಿ. ನವೆಂಬರಿನ ತುಂಬಿದ ಕೆರೆಯ ಅಳತೆ ಉಪಯೋಗಕ್ಕೆ ಬಾರದು. ಮಾರ್ಚ್ ತಿಂಗಳ ಅಳತೆಯೇ ಆಗಬೇಕು.