ಲೈಬ್ರರಿಗಳ ನವೀಕರಣದಲ್ಲಿ ವಹಿಸತಕ್ಕ ಎಚ್ಚರ

ಜಾವಾಸ್ಕ್ರಿಪ್ಟ್ ಭಾಷೆಯ ತಂತ್ರಾಂಶಗಳು ಅನ್ಯರು ರಚಿಸಿದ ಲೈಬ್ರರಿಗಳನ್ನು ಬಹುವಾಗಿ ಆಶ್ರಯಿಸಿರುತ್ತವೆ. ಲೈಬ್ರರಿಯ ಆವೃತ್ತಿಸಂಖ್ಯೆಗೆ ಮೂರು ಅಂಗಗಳುಂಟು: ಮೊದಲನೆಯದು ಬದಲಾದರೆ ಹಳೆಯ ಬಳಕೆಗೆ ಭಂಗ ಬರಬಹುದೆಂದೂ, ಎರಡನೆಯದು ಹೊಸ ಸೌಲಭ್ಯವೆಂದೂ, ಮೂರನೆಯದು ಕೇವಲ ದೋಷಪರಿಹಾರವೆಂದೂ ಸಂಕೇತ. ಸಂಖ್ಯೆಯ ಮುಂದೆ ಕ್ಯಾರೆಟ್ ಚಿಹ್ನೆಯನ್ನಿಟ್ಟರೆ, ಸಾಮಾನ್ಯವಾಗಿ, ಮೊದಲ ಅಂಗ ಬದಲಾಗದ ಯಾವ ಹೊಸ ಆವೃತ್ತಿಯಾದರೂ ನಮ್ಮನ್ನು ಕೇಳದೆಯೇ ಒಳಬರಬಹುದು.

ಸಂಕೇತವನ್ನು ಪಾಲಿಸುವುದು ಬರೆದವನ ಪ್ರಾಮಾಣಿಕತೆಗೆ ಬಿಟ್ಟ ವಿಷಯ. 2018ರ ಸೆಪ್ಟೆಂಬರಿನಲ್ಲಿ 'ಈವೆಂಟ್-ಸ್ಟ್ರೀಮ್' ಲೈಬ್ರರಿಯ ಹೊಣೆಯನ್ನು ಹೊಸದಾಗಿ ಪಡೆದವನೊಬ್ಬನು 3.3.6ನೆಯ ಆವೃತ್ತಿಯಲ್ಲಿ ಬೇರೊಂದು ಲೈಬ್ರರಿಯನ್ನು ಸೇರಿಸಿದನು. ಅದರೊಳಗೆ ಅಡಗಿಸಿದ್ದ ಸಂಚು 'ಕೋಪೇ' ಎಂಬ ಬಿಟ್‌ಕಾಯಿನ್ ವ್ಯಾಲೆಟ್ಟಿನ ಗುಪ್ತ ಕೀಲಿಗಳನ್ನು ಕದಿಯುವಂಥದು. ನವೆಂಬರಿನವರೆಗೂ ಅದು ಬಯಲಾಗಲಿಲ್ಲ. ಬದಲಾಗಿದ್ದುದು ಮೂರನೆಯ ಅಂಗ ಮಾತ್ರವೆಂಬುದು ಗಮನಾರ್ಹ.

ಹಾಗೆಂದು ನವೀಕರಣವನ್ನೇ ತ್ಯಜಿಸುವಂತಿಲ್ಲ. ಲೋಕಕ್ಕೆ ತಿಳಿದುಹೋದ ದೋಷಗಳು ಹಳೆಯ ಆವೃತ್ತಿಯಲ್ಲಿ ಹಾಗೆಯೇ ಉಳಿದಿರುತ್ತವೆ. 'ಎನ್‌ಪಿಎಂ' ಸಾಧನವು 2017ರಲ್ಲಿ ತಂದ ಲಾಕ್ ಕಡತದಲ್ಲಿ ಪ್ರತಿಯೊಂದು ಲೈಬ್ರರಿಯ, ಪರೋಕ್ಷವಾಗಿ ಬಂದವುಗಳದೂ ಸಹ, ನಿಖರವಾದ ಆವೃತ್ತಿ ದಾಖಲಾಗಿರುತ್ತದೆ. 'ಎನ್‌ಪಿಎಂ ಸಿಐ' ಆಜ್ಞೆಯು ಅದನ್ನು ಮೀರದು. ಹಿಂದುಳಿದವನ್ನು 'ಎನ್‌ಪಿಎಂ ಔಟ್‌ಡೇಟೆಡ್' ತೋರಿಸಿಕೊಡುತ್ತದೆ. ಒಮ್ಮೆಗೆ ಒಂದೇ ಲೈಬ್ರರಿಯನ್ನು ಬದಲಿಸಿ, ಲಾಕ್ ಕಡತದಲ್ಲಿ ಹೊಸದಾಗಿ ಸೇರಿದ ಹೆಸರುಗಳನ್ನು ಓದಿ, ಪರೀಕ್ಷೆಗಳನ್ನು ನಡೆಸಿದ ಮೇಲೆಯೇ ಮುಂದಿನದನ್ನು ಕೈಗೊಳ್ಳುವುದು ಯುಕ್ತವೆಂದು ನಾವು ಭಾವಿಸುತ್ತೇವೆ. ಈ ಓದು ಬೇಸರದ ಕೆಲಸವೇ ಸರಿ.