ಬಾಣಂತಿಗೊಬ್ಬಳು ಬಾಣಂತಿ

ನನ್ನ ಮೊದಲ ಬಾಣಂತನ ತವರುಮನೆಯ ಒಳಕೋಣೆಯಲ್ಲಿ ನಡೆಯಿತು. ಕಿಟಕಿಗೆ ಹಳೆಯ ಸೀರೆ, ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಮಂಚದ ಪಕ್ಕ ಸಾಂಬ್ರಾಣಿಯ ಕೆಂಡ. ಅಮ್ಮ, ಅಜ್ಜಿ, ಮಗುವಿಗೆ ಎಣ್ಣೆನೀರು ಹಾಕಲು ಬರುತ್ತಿದ್ದ ಮುದುಕಿ, ಮೂವರೂ ಕೈ ಪಳಗಿದವರು. ಆರನೆಯ ದಿನ ಸಂಜೆ ಮಗು ಅಳಲು ಶುರುಮಾಡಿತು. ಎದೆಗೆ ಹಾಕಿದರೆ ಹತ್ತು ನಿಮಿಷ ಸುಮ್ಮನಿದ್ದು ಮತ್ತೆ ಅಳು. ರಾತ್ರಿ ಹತ್ತರ ಹೊತ್ತಿಗೆ ಮನೆಯಲ್ಲಿ ತೀರ್ಮಾನವಾಗಿತ್ತು: ಹಾಲು ಸಾಲುತ್ತಿಲ್ಲ, ನಾಳೆ ಡಬ್ಬಿ ತರಿಸಬೇಕು. ನಾನು ಗೋಡೆಗೆ ಮುಖ ಮಾಡಿ ಅಳುತ್ತಿದ್ದೆ.

ಬೆಳಿಗ್ಗೆ ಹಿಂದಿನ ಮನೆಯ ಹುಡುಗಿ ಬಂದಳು. ಅವಳೂ ಹೆರಿಗೆಗೆ ತವರಿಗೆ ಬಂದವಳು, ಅವಳ ಕೂಸಿಗೆ ಆಗ ಎರಡೂವರೆ ತಿಂಗಳು. ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ನನ್ನ ಪಕ್ಕ ಕೂತು, "ಅಕ್ಕಾ, ನಂದೂ ಹಿಂಗೇ ಮಾಡ್ತಿತ್ತು. ಸಂಜೆ ಆದ್ರೆ ಸಾಕು, ಬಿಡ್ತಾನೇ ಇರ್ಲಿಲ್ಲ. ಎರಡು ದಿನ ಕೇಳಿದಾಗೆಲ್ಲ ಎದೆಗೆ ಹಾಕ್ಕೊಳಿ. ಒದ್ದೆ ಬಟ್ಟೆ ಎಷ್ಟಾಗಿದೆ ಎಣಿಸಿದ್ರಾ?" ಎಂದಳು. ಎಣಿಸಿದೆವು. ಹಿಂದಿನ ಬೆಳಿಗ್ಗೆಯಿಂದ ಎಂಟು ಬಟ್ಟೆ ಒದ್ದೆಯಾಗಿತ್ತು. ಎಂಟು ಸಲ ಉಚ್ಚೆ ಹೊಯ್ದ ಕೂಸಿಗೆ ಹಾಲು ಸಿಗುತ್ತಿಲ್ಲ ಎನ್ನುವುದು ಹೇಗೆ? ಡಬ್ಬಿ ಬರಲಿಲ್ಲ.

ಈ ಅಧ್ಯಾಯ ಅಂಥ ಹುಡುಗಿಯರ ಬಗ್ಗೆ. ವೈದ್ಯರು, ದಾದಿಯರು, ಹಿರಿಯರು ಮಾಡುವ ಕೆಲಸಗಳ ನಡುವೆ ಒಂದು ಕೆಲಸ ಉಳಿದುಹೋಗುತ್ತದೆ. ಅದನ್ನು ಮಾಡಬಲ್ಲವಳು ಮೊನ್ನೆ ಮೊನ್ನೆ ಅದೇ ದಾರಿ ದಾಟಿ ಬಂದ ಇನ್ನೊಬ್ಬ ತಾಯಿ ಮಾತ್ರ. ಇದು ಬರೀ ಭಾವುಕತೆಯ ಮಾತಲ್ಲ. ಇದಕ್ಕೆ ದೇಹದ ಕಾರಣವಿದೆ, ಲೆಕ್ಕದ ಆಧಾರವೂ ಇದೆ.

ಹಾಲು ಇಳಿಯುವ ಬಗೆ

ಹಸು ಕಟ್ಟಿದ ಮನೆಯವರಿಗೆ ಗೊತ್ತು: ಕರು ಕೆಚ್ಚಲಿಗೆ ಬಾಯಿ ಹಾಕಿದರೆ ಹಸು ಹಾಲು ಇಳಿಸುತ್ತದೆ, ಹೊಸಬರು ಕರೆಯಲು ಕೂತು ಅದು ಬೆದರಿದರೆ ಹಾಲನ್ನು ಎತ್ತಿ ಹಿಡಿದುಬಿಡುತ್ತದೆ. ತಾಯಿಯ ದೇಹವೂ ಹಾಗೆಯೇ. ಮಗು ಚೀಪಿದಾಗ ಎರಡು ಹಾರ್ಮೋನುಗಳು ಹೊಮ್ಮುತ್ತವೆ. ಪ್ರೊಲ್ಯಾಕ್ಟಿನ್ ಹಾಲನ್ನು ತಯಾರಿಸುತ್ತದೆ, ರಾತ್ರಿ ಹೊತ್ತು ಅದರ ಪ್ರಮಾಣ ಹೆಚ್ಚು. ತಯಾರಾದ ಹಾಲನ್ನು ಮುಂದಕ್ಕೆ ತಳ್ಳುವುದು ಆಕ್ಸಿಟೋಸಿನ್. ನೋವು, ಹೆದರಿಕೆ, ನಾಚಿಕೆ, 'ನನ್ನ ಕೈಲಾಗುವುದಿಲ್ಲ' ಎಂಬ ಕಳವಳ ಈ ಆಕ್ಸಿಟೋಸಿನ್ನನ್ನು ತಡೆಯುತ್ತವೆ. ಎದೆಯಲ್ಲಿ ಹಾಲಿದ್ದೂ ಇಳಿಯದೆ ಮಗು ರಚ್ಚೆ ಹಿಡಿಯುತ್ತದೆ. ತಾಯಿಯ ಹೆದರಿಕೆ ಇಮ್ಮಡಿಸುತ್ತದೆ. ಯಾರೋ ಡಬ್ಬಿ ಹಾಲು ಕುಡಿಸುತ್ತಾರೆ, ಹೊಟ್ಟೆ ತುಂಬಿದ ಮಗು ಮಲಗುತ್ತದೆ, ಎದೆ ಚೀಪುವುದು ಕಡಿಮೆಯಾಗುತ್ತದೆ. ಚೀಪದಿದ್ದರೆ ಹಾಲು ತಯಾರಾಗುವುದಿಲ್ಲ. ವಾರದೊಳಗೆ 'ಹಾಲು ಸಾಲದು' ಎಂಬ ಸುಳ್ಳು ನಿಜವಾಗಿಬಿಡುತ್ತದೆ.

ಈ ಸುತ್ತನ್ನು ಕಡಿಯಲು ಬೇಕಾದದ್ದು ಔಷಧಿಯಲ್ಲ, ಧೈರ್ಯ. ಮೊದಲ ದಿನ ಕೂಸಿನ ಹೊಟ್ಟೆಗೆ ಒಂದು ಸಲಕ್ಕೆ ಒಂದು ಚಮಚೆಯಷ್ಟು ಹಳದಿ ಹಾಲು ಸಾಕು. ಹುಟ್ಟಿದಾಗಿನ ತೂಕ ಮೊದಲ ದಿನಗಳಲ್ಲಿ ತುಸು ಇಳಿದು ಎರಡು ವಾರದೊಳಗೆ ಮರಳುವುದು ಸಹಜ. ದಿನಕ್ಕೆ ಎಂಟರಿಂದ ಹನ್ನೆರಡು ಸಲ ಹಾಲು ಕೇಳುವುದು ಹಟವಲ್ಲ, ಹಸಿವು. ಅಳು ದಿನೇ ದಿನೇ ಏರಿ ಸುಮಾರು ಆರನೆಯ ವಾರಕ್ಕೆ ತುದಿ ಮುಟ್ಟಿ ಆಮೇಲೆ ತಾನಾಗಿ ಇಳಿಯುತ್ತದೆ. ಇದನ್ನೆಲ್ಲ ಆಸ್ಪತ್ರೆಯಲ್ಲೂ ಹೇಳಿರುತ್ತಾರೆ. ಆದರೆ ಹೇಳಿದವರು ಸಂಜೆ ಮನೆಗೆ ಹೋಗಿರುತ್ತಾರೆ. ಅಮ್ಮನಿಗೋ ಇಪ್ಪತ್ತೈದು ವರ್ಷದ ಹಿಂದಿನ ರಾತ್ರಿಗಳು ಮರೆತಿರುತ್ತವೆ, ಮಗಳು ಒಣಗಿಹೋಗುತ್ತಿದ್ದಾಳೆ ಎಂಬ ಸಂಕಟವಷ್ಟೇ ಅವಳಿಗೆ ಕಾಣುವುದು. ಎರಡು ತಿಂಗಳ ಕೂಸಿನ ತಾಯಿಗೆ ಅದು ಇನ್ನೂ ನಿನ್ನೆಯ ರಾತ್ರಿ. ಅವಳ ಮಾತಿಗಿಂತ ಹೆಚ್ಚಾಗಿ, ಅವಳ ತೊಡೆಯ ಮೇಲೆ ದುಂಡಗೆ ಮಲಗಿರುವ ಕೂಸೇ ಸಾಕ್ಷಿ ಹೇಳುತ್ತದೆ.

ಏಳು ಜನ ತಾಯಂದಿರು

ಅಮೆರಿಕದಲ್ಲಿ 1950ರ ದಶಕದ ಹೊತ್ತಿಗೆ ಎದೆಹಾಲು ಕುಡಿಸುವ ಪದ್ಧತಿಯೇ ಅಳಿಯುತ್ತ ಬಂದಿತ್ತು. ಬಾಟಲಿ ಹಾಲೇ ವೈಜ್ಞಾನಿಕ ಎಂದು ವೈದ್ಯರೂ ನಂಬಿದ್ದರು. ಕುಡಿಸಬೇಕೆಂದು ಆಸೆಪಟ್ಟ ತಾಯಿಗೆ ಹೇಳಿಕೊಡಲು ಅವಳ ಅಮ್ಮನಿಗೂ ಗೊತ್ತಿರಲಿಲ್ಲ. 1956ರಲ್ಲಿ ಇಲಿನಾಯ್ ರಾಜ್ಯದಲ್ಲಿ ಚರ್ಚಿನವರ ಒಂದು ವನಭೋಜನದಲ್ಲಿ ಮೇರಿ ವೈಟ್ ಮತ್ತು ಮೇರಿಯನ್ ಟಾಂಪ್ಸನ್ ತಮ್ಮ ಮಕ್ಕಳಿಗೆ ಹಾಲು ಕುಡಿಸುತ್ತ ಕೂತಿದ್ದರು. ಬೇರೆ ಹೆಂಗಸರು ಬಂದು ಬಂದು, ನಮಗೂ ಆಸೆಯಿತ್ತು, ಆಗಲಿಲ್ಲ ಎನ್ನತೊಡಗಿದರು. ಆ ವರ್ಷವೇ ಏಳು ಜನ ತಾಯಂದಿರು ಸೇರಿ ಫ್ರಾಂಕ್ಲಿನ್ ಪಾರ್ಕ್ ಎಂಬ ಊರಿನಲ್ಲಿ ಮೇರಿ ವೈಟ್ ಅವರ ಮನೆಯ ನಡುಮನೆಯಲ್ಲಿ ಸಭೆ ಶುರುಮಾಡಿದರು. 'ಸ್ತನ' ಎಂಬ ಪದವನ್ನು ಬಾಯಿಬಿಟ್ಟು ಹೇಳಲು ಸಮಾಜ ಮುಜುಗರಪಡುತ್ತಿದ್ದ ಕಾಲ ಅದು. ಸ್ಪ್ಯಾನಿಷ್ ಭಾಷೆಯಲ್ಲಿ ಹಾಲು ಎಂಬ ಅರ್ಥದ 'ಲಾ ಲೆಚೆ' ಎಂಬ ಹೆಸರಿನ ಹಿಂದೆ ನಿಂತು ಅವರು ಕೆಲಸ ಮಾಡಿದರು. ತಾನೇ ಮಗುವಿಗೆ ಹಾಲು ಕುಡಿಸಿದ ತಾಯಿಯೇ ಸಭೆ ನಡೆಸಬೇಕು ಎಂಬುದು ಅವರ ಕಟ್ಟಳೆ. 'ಲಾ ಲೆಚೆ ಲೀಗ್' ಇಂದು ಹಲವಾರು ದೇಶಗಳಲ್ಲಿದೆ.

ಪಕ್ಕದ ಕೆನಡಾದಲ್ಲಿ ಇದೇ ವಿಚಾರವನ್ನು ಅಳೆದು ನೋಡಿದರು. ಸಿಂಡಿ ಲೀ ಡೆನಿಸ್ ಎಂಬ ಸಂಶೋಧಕಿ, ಖಿನ್ನತೆಗೆ ಜಾರುವ ಸೂಚನೆಯಿದ್ದ 701 ಬಾಣಂತಿಯರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಎಂದಿನ ಆರೈಕೆ. ಇನ್ನೊಂದು ಗುಂಪಿನ ಪ್ರತಿಯೊಬ್ಬಳಿಗೂ ಎಂದಿನ ಆರೈಕೆಯ ಜೊತೆಗೆ ಒಬ್ಬ ಗೆಳತಿಯ ಫೋನ್ ಕರೆ. ಆ ಗೆಳತಿಯರು ಹಿಂದೆ ತಾವೇ ಬಾಣಂತನದ ಖಿನ್ನತೆ ಅನುಭವಿಸಿ ಹೊರಬಂದವರು. ಅವರಿಗೆ ಸಿಕ್ಕ ತರಬೇತಿ ಅರ್ಧ ದಿನದ್ದು. ಹನ್ನೆರಡು ವಾರವಾದ ಮೇಲೆ ನೋಡಿದರೆ, ಮೊದಲ ಗುಂಪಿನಲ್ಲಿ ನೂರಕ್ಕೆ 25 ಜನರಲ್ಲಿ ಖಿನ್ನತೆಯ ಲಕ್ಷಣಗಳಿದ್ದವು, ಫೋನ್ ಗೆಳತಿ ಸಿಕ್ಕವರಲ್ಲಿ 14. ಇದು 2009ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಆ ಗೆಳತಿಯರು ಮಾತ್ರೆ ಕೊಡಲಿಲ್ಲ, ಮನೆಗೂ ಹೋಗಲಿಲ್ಲ. "ನನಗೂ ಹಾಗೇ ಆಗಿತ್ತು" ಎನ್ನಬಲ್ಲವರಾಗಿದ್ದರು, ಅಷ್ಟೆ.

ಚಕ್ರಧರಪುರದ ಗುಂಪುಗಳು

ನನ್ನ ಮಟ್ಟಿಗೆ ಇವೆಲ್ಲಕ್ಕಿಂತ ದೊಡ್ಡ ಸಾಧನೆ ನಮ್ಮ ದೇಶದ್ದೇ. ಜಾರ್ಖಂಡ್‌ನ ಪಶ್ಚಿಮ ಸಿಂಗ್‌ಭೂಮ್ ಜಿಲ್ಲೆಯ ಚಕ್ರಧರಪುರದಲ್ಲಿ ಡಾ. ಪ್ರಶಾಂತ ತ್ರಿಪಾಠಿ ಮತ್ತು ಡಾ. ನಿರ್ಮಲಾ ನಾಯರ್ 'ಏಕ್‌ಜುಟ್' ಎಂಬ ಸಂಸ್ಥೆ ಕಟ್ಟಿದರು. ಹೆಸರಿನ ಅರ್ಥ ಒಗ್ಗಟ್ಟು. ಸುತ್ತಲಿನ ಆದಿವಾಸಿ ಹಳ್ಳಿಗಳಲ್ಲಿ ಆಸ್ಪತ್ರೆ ದೂರ, ಹೆರಿಗೆ ಮನೆಯಲ್ಲೇ, ಕೂಸುಗಳ ಸಾವು ವಿಪರೀತ. 2005ರಿಂದ ಮೂರು ವರ್ಷ, ಜಾರ್ಖಂಡ್ ಮತ್ತು ಒಡಿಶಾದ ಮೂರು ಜಿಲ್ಲೆಗಳಲ್ಲಿ ಅವರು 244 ಮಹಿಳಾ ಗುಂಪುಗಳನ್ನು ನಡೆಸಿ ಪರೀಕ್ಷಿಸಿದರು. ತಿಂಗಳಿಗೊಂದು ಸಭೆ. ಸಭೆ ನಡೆಸುವವಳು ಅದೇ ಸೀಮೆಯ ಹೆಂಗಸು, ನರ್ಸ್ ಅಲ್ಲ, ಟೀಚರಮ್ಮನೂ ಅಲ್ಲ.

ಅಲ್ಲಿ ಭಾಷಣ ಇರುತ್ತಿರಲಿಲ್ಲ. ಚಿತ್ರದ ಕಾರ್ಡುಗಳು, ಕತೆ, ಆಟ. ಅದರಲ್ಲೊಂದು ಆಟಕ್ಕೆ 'ಆದರೆ ಯಾಕೆ?' ಎಂಬ ಒಂದೇ ಪ್ರಶ್ನೆ ಬಂಡವಾಳ. ಒಂದು ಕೂಸು ತೀರಿಕೊಂಡ ಕತೆಯನ್ನು ಒಬ್ಬಳು ಹೇಳುತ್ತಾಳೆ. ಯಾಕೆ ತೀರಿಕೊಂಡಿತು? ಮೈ ತಣ್ಣಗಾಯಿತು. ಆದರೆ ಯಾಕೆ? ಹುಟ್ಟಿದ ಕೂಡಲೇ ಮೀಯಿಸಿದರು. ಆದರೆ ಯಾಕೆ? ಮೈಲಿಗೆ ಹೋಗಲಿ ಎಂದು. ಕೂಸನ್ನು ಒರೆಸಿ, ಬಟ್ಟೆ ಸುತ್ತಿ ತಾಯಿಯ ಎದೆಗೆ ಕೊಟ್ಟಿದ್ದರೆ? ಹೀಗೆ ಹೆಂಗಸರು ತಾವೇ ಕಾರಣದ ಬುಡಕ್ಕೆ ಇಳಿದರು, ತಾವೇ ಉಪಾಯ ಹುಡುಕಿದರು. ಕೆಲವು ಗುಂಪುಗಳು ಕಷ್ಟಕಾಲಕ್ಕೆಂದು ದುಡ್ಡು ಕೂಡಿಟ್ಟವು.

ಫಲಿತಾಂಶ 2010ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಗುಂಪುಗಳಿದ್ದ ಕಡೆ, ಹುಟ್ಟಿದ 28 ದಿನದೊಳಗಿನ ಕೂಸುಗಳ ಸಾವು ಗುಂಪಿಲ್ಲದ ಕಡೆಗಿಂತ ನೂರಕ್ಕೆ 32ರಷ್ಟು ಕಡಿಮೆ. ಕೊನೆಯ ಎರಡು ವರ್ಷವನ್ನಷ್ಟೇ ತೆಗೆದುಕೊಂಡರೆ ನೂರಕ್ಕೆ 45ರಷ್ಟು ಕಡಿಮೆ. ಮೂರನೆಯ ವರ್ಷಕ್ಕೆ ತಾಯಂದಿರಲ್ಲಿ ಮಧ್ಯಮ ಮಟ್ಟದ ಖಿನ್ನತೆಯೂ ಅರ್ಧಕ್ಕಿಂತ ಹೆಚ್ಚು ಇಳಿದಿತ್ತು. ಈ ಎರಡನೆಯ ಫಲಿತಾಂಶವನ್ನು ನಾನು ಮತ್ತೆ ಮತ್ತೆ ನೆನೆಯುತ್ತೇನೆ. ಆ ಹೆಂಗಸರಿಗೆ ಯಾರೂ ಮನೋವೈದ್ಯಕೀಯ ಚಿಕಿತ್ಸೆ ಕೊಟ್ಟಿರಲಿಲ್ಲ. ತಿಂಗಳಿಗೊಮ್ಮೆ ಮರದ ನೆರಳಲ್ಲೋ ಅಂಗಳದಲ್ಲೋ ಕೂತು ತಮ್ಮ ಸಂಕಟವನ್ನು ಎಲ್ಲರ ಸಂಕಟವಾಗಿ ಮಾತಾಡಿದ್ದರು.

ಖಿನ್ನತೆಯ ವಿಚಾರಕ್ಕೆ ಬಂದರೆ, ನಮ್ಮಲ್ಲಿ ಬಾಣಂತಿಯ ಅಳುವಿಗೆ ಎರಡೇ ವಿವರಣೆ: ಸುಮ್ಮನಿರು, ಎಲ್ಲರೂ ಹೆತ್ತಿದ್ದಾರೆ ಎನ್ನುವುದು ಒಂದು, ಬಾಣಂತಿ ಸನ್ನಿ, ಶೀತ ತಲೆಗೇರಿದೆ ಎನ್ನುವುದು ಇನ್ನೊಂದು. ನಿಜಸ್ಥಿತಿಯಲ್ಲಿ ಮೂರು ಬಗೆಗಳಿವೆ. ಹೆರಿಗೆಯ ಮೂರು, ನಾಲ್ಕನೆಯ ದಿನ ಬರುವ ಅಳು ಬಹಳ ಜನರಿಗೆ ಬರುತ್ತದೆ, ಎರಡು ವಾರದೊಳಗೆ ಹೋಗುತ್ತದೆ. ಎರಡು ವಾರ ಮೀರಿದರೂ ಮಂಕು, ನಿದ್ದೆ ಬಾರದಿರುವುದು, ಮಗುವಿನ ಮೇಲೂ ಮನಸ್ಸಿಲ್ಲದಿರುವುದು ಮುಂದುವರಿದರೆ ಅದು ಖಿನ್ನತೆ. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಬುಲೆಟಿನ್‌ನಲ್ಲಿ ಬಂದ ವಿಮರ್ಶೆಯೊಂದು ಭಾರತದ 38 ಅಧ್ಯಯನಗಳನ್ನು ಒಟ್ಟುಗೂಡಿಸಿ, ನೂರು ತಾಯಂದಿರಲ್ಲಿ 22 ಜನರಿಗೆ ಇದು ಬರುತ್ತದೆ ಎಂದು ಅಂದಾಜು ಮಾಡಿತು. ಮೂರನೆಯದೇ ನಿಜವಾದ ಬಾಣಂತಿ ಸನ್ನಿ: ಇಲ್ಲದ ದನಿ ಕೇಳುವುದು, ವಿಪರೀತ ಸಂಶಯ, ತನ್ನನ್ನೋ ಮಗುವನ್ನೋ ಮುಗಿಸಿಬಿಡುವ ಮಾತು. ಇದು ಸಾವಿರದಲ್ಲಿ ಒಬ್ಬಿಬ್ಬರಿಗೆ ಬರುತ್ತದೆ, ಬಂದರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿಯನ್ನೂ ಮಗುವನ್ನೂ ಬೇರೆ ಮಾಡದೆ ಒಟ್ಟಿಗೆ ಇಟ್ಟುಕೊಂಡು ಚಿಕಿತ್ಸೆ ಕೊಡುವ ವಿಭಾಗವೇ ಇದೆ. ಹಗಲು ರಾತ್ರಿ ಯಾವಾಗ ಬೇಕಾದರೂ 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಮೊದಲ ಬಗೆಯ ಅಳು ಯಾವಾಗ ಖಿನ್ನತೆಯಾಯಿತು ಎಂಬುದು ಮನೆಯವರ ಕಣ್ಣಿಗೆ ಬೀಳುವ ಮುಂಚೆಯೇ ಓರಗೆಯ ತಾಯಿಗೆ ಗೊತ್ತಾಗಿರುತ್ತದೆ. ಅತ್ತೆಯ ಎದುರು ಆಡಲಾಗದ ಮಾತನ್ನು ಬಾಣಂತಿ ಅವಳ ಹತ್ತಿರ ಆಡಿರುತ್ತಾಳೆ.

ಹಾಗಂತ ಗೆಳತಿ ಹೇಳಿದ್ದೆಲ್ಲ ವೇದವಾಕ್ಯವಲ್ಲ. ತಪ್ಪು ತಿಳಿವಳಿಕೆ ಹರಡುವುದೂ ಇದೇ ದಾರಿಯಲ್ಲಿ. ಹುಟ್ಟಿದ ಕೂಸಿಗೆ ಜೇನುತುಪ್ಪ ನೆಕ್ಕಿಸು, ಮೂಗಿಗೆ ಕಿವಿಗೆ ಎಣ್ಣೆ ಬಿಡು, ಬಾಣಂತಿಗೆ ನೀರು ಕಡಿಮೆ ಕೊಡು, ಹಳದಿ ಹಾಲು ಹಿಂಡಿ ಚೆಲ್ಲು, ಇವು ಒಬ್ಬರಿಂದೊಬ್ಬರಿಗೆ ದಾಟಿ ಬಂದವೇ. ಆರು ತಿಂಗಳು ತುಂಬುವವರೆಗೆ ಕೂಸಿಗೆ ಎದೆಹಾಲು ಬಿಟ್ಟು ನೀರೂ ಬೇಡ. ಬಾಣಂತಿಗೆ ಮಾತ್ರ ಬಾಯಾರಿದಷ್ಟು ನೀರು, ಹಸಿದಷ್ಟು ಊಟ, ಸೊಪ್ಪು ಕಾಳು ಎಲ್ಲವೂ ಬೇಕು. ಬರೀ ಬಿಳಿ ಅನ್ನ, ಮೆಣಸಿನ ಸಾರಿನ ಪಥ್ಯದಲ್ಲಿ ತಿಂಗಳುಗಟ್ಟಲೆ ಇಟ್ಟರೆ ಬಿ1 ಜೀವಸತ್ವ ಕಡಿಮೆಯಾಗಿ ಹಾಲು ಕುಡಿಯುವ ಕೂಸಿನ ಹೃದಯಕ್ಕೇ ಅಪಾಯವಾಗಬಹುದು. ಅಂಟಿನುಂಡೆ, ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ ಖಂಡಿತ ಇರಲಿ. ಮುಚ್ಚಿದ ಕೋಣೆಯ ಕೆಂಡದ ಹೊಗೆ ಬೇಡ. ಜ್ವರ, ಹಾಲು ಕುಡಿಯದೆ ಮಂಕಾದ ಕೂಸು, ಪಕ್ಕೆ ಸೆಳೆಯುವ ಉಸಿರು, ತಾಯಿಗೆ ನಿಲ್ಲದ ರಕ್ತಸ್ರಾವ, ಇಂಥದ್ದು ಕಂಡರೆ ಗೆಳತಿ ಸಲಹೆ ಕೊಡಬಾರದು, ಆಟೋ ಕರೆಸಬೇಕು. ಡಬ್ಬಿ ಹಾಲನ್ನು ಹೊಗಳಲು ಬರುವ 'ಗೆಳತಿ'ಯ ಬಗ್ಗೆಯೂ ಎಚ್ಚರವಿರಲಿ. ಶಿಶು ಹಾಲಿನ ಪುಡಿಯ ಜಾಹೀರಾತನ್ನು 1992ರ ಕಾಯ್ದೆ ನಮ್ಮ ದೇಶದಲ್ಲಿ ನಿಷೇಧಿಸಿದೆ. ಹಾಗೆಂದು, ನಿಜವಾಗಿಯೂ ಹಾಲು ಬಾರದ, ಕಾಯಿಲೆಯಿಂದ ಕುಡಿಸಲಾಗದ ತಾಯಂದಿರೂ ಇದ್ದಾರೆ. ಅವರನ್ನು ತಪ್ಪಿತಸ್ಥರಂತೆ ಕೂರಿಸುವ ಗುಂಪಿಗಿಂತ ಗುಂಪೇ ಇಲ್ಲದಿರುವುದು ಮೇಲು.

ನಮ್ಮೂರಲ್ಲಿ

ಹಿಂದೆ ಕೂಡುಕುಟುಂಬದಲ್ಲಿ, ಒಂದೇ ಕೇರಿಯಲ್ಲಿ, ಒಂದೇ ಕಾಲಕ್ಕೆ ಇಬ್ಬರು ಮೂವರು ಬಾಣಂತಿಯರು ಇರುತ್ತಿದ್ದರು. ಈಗ ಒಂದೊಂದು ಮನೆಗೆ ಒಂದು, ಎರಡು ಮಗು. ತವರಿನಿಂದ ಮೂರನೆಯ ತಿಂಗಳಿಗೋ ಐದನೆಯ ತಿಂಗಳಿಗೋ ಗಂಡನ ಊರಿನ ಬಾಡಿಗೆ ಮನೆಗೆ ಬಂದವಳಿಗೆ ಪಕ್ಕದ ಬಾಗಿಲಿನವರ ಹೆಸರೂ ಗೊತ್ತಿರುವುದಿಲ್ಲ. ಕಟ್ಟಡದ ಕೆಲಸಕ್ಕೆಂದು ರಾಯಚೂರು, ಕಲಬುರಗಿ ಕಡೆಯಿಂದ ಬೆಂಗಳೂರಿಗೆ ಬಂದ ಹೆಣ್ಣುಮಕ್ಕಳಿಗೆ ಶೆಡ್ಡಿನಲ್ಲೇ ಬಾಣಂತನ. ಅಮೆರಿಕದಲ್ಲಿರುವ ಕನ್ನಡತಿಯ ಬಾಣಂತನಕ್ಕೆ ಅಮ್ಮ ಹೋಗುತ್ತಾಳೆ, ವೀಸಾದ ಆರು ತಿಂಗಳು ಮುಗಿದರೆ ಹಿಂದಿರುಗುತ್ತಾಳೆ. ಮೂವರ ಒಂಟಿತನವೂ ಒಂದೇ.

ಗುಂಪು ಕಟ್ಟಲು ದೊಡ್ಡ ಏರ್ಪಾಡು ಬೇಡ. ನಾಲ್ಕೈದು ತಾಯಂದಿರು, ಮಕ್ಕಳ ವಯಸ್ಸಿನಲ್ಲಿ ನಾಲ್ಕಾರು ತಿಂಗಳಿನೊಳಗಿನ ಅಂತರ, ಜೊತೆಗೆ ಮಗುವಿಗೆ ವರ್ಷ ದಾಟಿದ ಒಬ್ಬಳು. ವಾರಕ್ಕೊಂದು ದಿನ, ಗೊತ್ತಾದ ಹೊತ್ತು, ಗೊತ್ತಾದ ಜಾಗ. ಮಕ್ಕಳ ತೂಕ ಹೋಲಿಸುವುದು, 'ನನ್ನದು ಆಗಲೇ ಬೋರಲು ಬಿತ್ತು' ಎನ್ನುವುದು ಬೇಡ. ಕೇಳದ ಸಲಹೆ ಬೇಡ. ಅತ್ತವಳು ಅತ್ತು ಮುಗಿಸಲಿ.

ಹಳ್ಳಿಗಳಲ್ಲಿ ಇದಕ್ಕೆ ಜಾಗ ಆಗಲೇ ಇದೆ. ಕರ್ನಾಟಕದಲ್ಲಿ 2017ರ ಅಕ್ಟೋಬರ್ 2ರಂದು ಶುರುವಾದ ಮಾತೃಪೂರ್ಣ ಯೋಜನೆಯಲ್ಲಿ ಗರ್ಭಿಣಿಯರಿಗೂ, ಹೆರಿಗೆಯಾಗಿ ಆರು ತಿಂಗಳವರೆಗೆ ಬಾಣಂತಿಯರಿಗೂ ಅಂಗನವಾಡಿಯಲ್ಲೇ ಮಧ್ಯಾಹ್ನದ ಬಿಸಿಯೂಟ ಎಂದು ಗೊತ್ತುಮಾಡಲಾಯಿತು. ಬಾಣಂತಿ ಹೊರಗೆ ಬರಬಾರದೆಂದು ಡಬ್ಬಿಯಲ್ಲಿ ಊಟ ತರಿಸಿಕೊಳ್ಳುವ ಮನೆಗಳಿವೆ. ನನ್ನ ಕಣ್ಣಿಗೆ ಅನ್ನ, ಸಾರು, ಮೊಟ್ಟೆಯಷ್ಟೇ ದೊಡ್ಡದಾಗಿ ಕಾಣುವುದು, ಬಸುರಿ ಬಾಣಂತಿಯರು ಒಂದೇ ಸಾಲಿನಲ್ಲಿ ಕೂತು ಉಣ್ಣುವ ಆ ಗಳಿಗೆ. ಅಂಗನವಾಡಿ ಟೀಚರ್, ಆಶಾ ಕಾರ್ಯಕರ್ತೆ ಇಬ್ಬರೂ ಕೈಗೆಟುಕುವಷ್ಟು ಹತ್ತಿರವಿರುತ್ತಾರೆ. ಹೇಳಿದ್ದು ತಪ್ಪಾದರೆ ತಿದ್ದಲು ಅವರಿದ್ದಾರೆ.

ಬಾಣಂತಿಯ ಮನೆಯವರಲ್ಲಿ ನನ್ನದೊಂದು ಕೇಳಿಕೆ. ಮಗು ತುಸು ಗಟ್ಟಿಯಾದ ಮೇಲೆ ಅವಳನ್ನು ಅಲ್ಲಿಗೆ ಕಳಿಸಿ. ಊಟವಾದ ಕೂಡಲೇ ಮನೆಗೆ ಬಾ ಎಂದು ಹೇಳಿಕಳಿಸಬೇಡಿ. ಇನ್ನೊಂದು ಅರ್ಧ ಗಂಟೆ ಅವಳು ಅಲ್ಲೇ ಕೂತಿರಲಿ.