ಸಾಬಕ್ಕಿ ಕಾಳಿಗೆ ಮೆದುಳೆಂದು ಹೆಸರಿಟ್ಟವರು

‘ಸರ್ರ, ಲ್ಯಾಬಿನ್ಯಾಗ ಮೆದಳ ಬೆಳಸ್ಯಾರಂತಲ್ರಿ. ನಮ್ಮ ತಮ್ಮಗ ಒಂದ್ ತುಂಡ ಹಾಕ್ಸಾಕ ಬರತೈತೇನು ನೋಡ್ರಿ?’

ಬಸಣ್ಣನವರು ಜಮಖಂಡಿ ಕಡೆಯವರು. ಪುಣೆ ಪಕ್ಕದ ಪಿಂಪ್ರಿ ಭಾಗದ ಆಕುರ್ಡಿಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾಗಿ, ಅಲ್ಲೇ ನಿಗಡಿಯ ನಮ್ಮ ಸೊಸೈಟಿಯಲ್ಲೇ ನೆಲೆಸಿದ್ದಾರೆ. ತಮ್ಮನಿಗೆ ಲಕ್ವಾ ಹೊಡೆದು ಎರಡು ವರ್ಷವಾಗಿದೆ. ಬಲಗೈ ಏಳುವುದಿಲ್ಲ, ಮಾತು ತೊದಲು. ಬಸಣ್ಣನವರ ಫೋನಿನಲ್ಲೊಂದು ವಿಡಿಯೊ: ಇಲಿಯ ತಲೆಯೊಳಗೆ ಮನುಷ್ಯನ ಮೆದುಳು! ಅಂಗಿಯ ಜೇಬಿನಲ್ಲೊಂದು ಕರಪತ್ರ: ಸ್ಟೆಮ್ ಸೆಲ್ ಇಂಜೆಕ್ಷನ್, ಲಕ್ವಾಕ್ಕೂ ಆಟಿಸಂಗೂ ಮಂಡಿನೋವಿಗೂ ಒಂದೇ ಸೂಜಿ.

ಬಸಣ್ಣನವರ ಮೇಲೆ ನನಗೆ ಸಿಟ್ಟಿಲ್ಲ. ಮನೆಯಲ್ಲಿ ಮಲಗಿದವರಿದ್ದರೆ ಯಾರಾದರೂ ಕೇಳಿಯೇ ಕೇಳುತ್ತಾರೆ. ನನ್ನ ಸಿಟ್ಟೆಲ್ಲ ಲ್ಯಾಬಿನಲ್ಲಿ ಬೆಳೆಸಿದ ಅಂಗಾಂಶಕ್ಕೆ ಇಟ್ಟ ‘ಮಿನಿ ಮೆದುಳು’ ಎಂಬ ಹೆಸರಿನ ಮೇಲೆ.

ಅಂದು ಏಕಾದಶಿ. ಅಡುಗೆಮನೆಯಲ್ಲಿ ಸಾಬಕ್ಕಿ ನೆನೆದಿತ್ತು. ಒಂದು ಕಾಳು ತಂದು ಅವರ ಅಂಗೈ ಮೇಲಿಟ್ಟೆ. ‘ಇಷ್ಟೇ ರೀ ಅದು’ ಅಂದೆ. ಅವರು ಕಾಳನ್ನೂ ನನ್ನನ್ನೂ ಸರದಿಯ ಮೇಲೆ ನೋಡಿದರು.

ಹೋಲಿಕೆ ತಮಾಷೆಗಲ್ಲ. 2013ರಲ್ಲಿ ವಿಯೆನ್ನಾದ ಪ್ರಯೋಗಾಲಯದಲ್ಲಿ ಮ್ಯಾಡೆಲಿನ್ ಲ್ಯಾಂಕಾಸ್ಟರ್ ಮತ್ತು ಯೂರ್ಗನ್ ಕ್ನೋಬ್ಲಿಷ್ ಬೆಳೆಸಿದ ಆ ಪ್ರಸಿದ್ಧ ಅಂಗಾಂಶ ಎರಡು ತಿಂಗಳಿಗೆ ಹೆಚ್ಚೆಂದರೆ 4 ಮಿಲಿಮೀಟರ್ ಆಯಿತು. ಹತ್ತು ತಿಂಗಳವರೆಗೆ ಬದುಕಿತು, ಆದರೆ ದೊಡ್ಡದಾಗಲಿಲ್ಲ. ಸಾಬಕ್ಕಿ ಸರಿಯಾಗಿ ನೆನೆಯದಿದ್ದರೆ ನಟ್ಟನಡುವೆ ಬಿಳಿಯ ಚುಕ್ಕೆ ಉಳಿಯುತ್ತದಲ್ಲ, ನೀರು ಅಲ್ಲಿಗೆ ಮುಟ್ಟಿರುವುದಿಲ್ಲ. ಇಲ್ಲಿಯೂ ಅದೇ ತೊಂದರೆ. ರಕ್ತನಾಳಗಳಿಲ್ಲದ ಈ ಉಂಡೆಯ ಒಳಗಿನ ಕೋಶಗಳಿಗೆ ಆಮ್ಲಜನಕ ಮುಟ್ಟುವುದಿಲ್ಲ, ನಡುಭಾಗ ಸತ್ತುಹೋಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನ ಮೆದುಳು ಸಂಗ್ರಹಾಲಯದಲ್ಲಿ ನಿಜವಾದ ಮೆದುಳನ್ನು ಕೈಯಲ್ಲಿ ಹಿಡಿಯಲು ಕೊಡುತ್ತಾರೆ. ಸುಮಾರು 1,300 ಗ್ರಾಂ, 8,600 ಕೋಟಿ ನರಕೋಶಗಳ ವಸ್ತು ಅದು. ಒಮ್ಮೆ ಹಿಡಿದು ನೋಡಿದವರು ಸಾಬಕ್ಕಿ ಕಾಳಿಗೆ ಆ ಹೆಸರು ಇಡಲಾರರು. 2022ರಲ್ಲಿ ಈ ಕ್ಷೇತ್ರದವರೇ ಒಟ್ಟಾಗಿ ‘ಮಿನಿ ಮೆದುಳು ಎನ್ನಬೇಡಿ, ನರ ಆರ್ಗನಾಯ್ಡ್ ಎನ್ನಿ’ ಎಂದು ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಸುದ್ದಿಮನೆಗಳಿಗೆ ಅದು ಕೇಳಿಸಿದಂತಿಲ್ಲ.

ಹಾಗಾದರೆ ಇದನ್ನು ಬೆಳೆಸುವುದು ಯಾಕೆ? ನರಕೋಶಗಳು ಒಂದಕ್ಕೊಂದು ಹೇಗೆ ಕೂಡಿಕೊಳ್ಳುತ್ತವೆ ಎಂದು ಕಣ್ಣಾರೆ ನೋಡಲು. ಎರಡು ನರಕೋಶ ಸಂಧಿಸುವ ಜಾಗವೇ ಸಿನಾಪ್ಸ್; ನಡುವಿನ ಸಂದು ಸುಮಾರು 20 ನ್ಯಾನೋಮೀಟರ್. ಗರ್ಭದಲ್ಲಿರುವ ಮಗುವಿನ ತಲೆಯೊಳಗೆ ಇಣುಕಿ ಇದನ್ನು ನೋಡಲಾಗದು. ಆದ್ದರಿಂದ ಒಬ್ಬರ ರಕ್ತದ ಕೋಶಗಳನ್ನು ತೆಗೆದು, ಜಪಾನಿನ ವಿಜ್ಞಾನಿ ಯಾಮಾನಾಕಾ ತೋರಿಸಿದ ದಾರಿಯಲ್ಲಿ ಆದಿಸ್ಥಿತಿಗೆ ಮರಳಿಸಿ, ಅಲ್ಲಿಂದ ನರಕೋಶದತ್ತ ನಡೆಸುತ್ತಾರೆ. ಗುಲಾಬಿ ಬಣ್ಣದ ಪೋಷಕದ್ರವದಲ್ಲಿ ಕಾಳುಗಳು ಮೆಲ್ಲಗೆ ಸುತ್ತುತ್ತಿರುತ್ತವೆ. ದ್ರವ ಹಳದಿಗೆ ತಿರುಗಿತೆಂದರೆ ಆಮ್ಲ ಹೆಚ್ಚಿತು, ಬದಲಿಸಬೇಕು. ಭಾನುವಾರವೂ, ಗಣಪತಿ ಹಬ್ಬದ ದಿನವೂ.

ಆಮೇಲೆ ಕಾಳನ್ನು ತೆಳ್ಳಗೆ ಹೆಚ್ಚಿ, ಸಂಕೇತ ಕಳಿಸುವ ತುದಿಯ ಪ್ರೋಟೀನಿಗೆ ಒಂದು ಬಣ್ಣ, ಪಡೆಯುವ ತುದಿಯದಕ್ಕೆ ಇನ್ನೊಂದು ಬಣ್ಣ ಹಚ್ಚುತ್ತಾರೆ. ಎರಡೂ ಚುಕ್ಕೆ ಒಂದೇ ಕಡೆ ಕಂಡರೆ ಅಲ್ಲಿ ಸಿನಾಪ್ಸ್ ಇರಬಹುದು. ಇರಬಹುದು, ಅಷ್ಟೇ. ನಮ್ಮ ಮೂರನೇ ಮಹಡಿಯಲ್ಲಿ ಎರಡು ಮನೆಗಳ ಬಾಗಿಲು ಎದುರುಬದುರಾಗಿವೆ, ಪಾರ್ಕಿಂಗ್ ಜಗಳವಾದಾಗಿನಿಂದ ಮಾತಿಲ್ಲ. ಹಾಗಾಗಿ ಕೂದಲಿಗಿಂತ ಸಣ್ಣ ತುದಿಯ ಗಾಜಿನ ಸೂಜಿಯನ್ನು ನರಕೋಶಕ್ಕೆ ತಾಗಿಸಿ, ನಿಜವಾಗಿ ಸಂಕೇತ ಬರುತ್ತಿದೆಯೇ ಎಂದು ಪರೀಕ್ಷಿಸುತ್ತಾರೆ.

ಬಂದರೆ ಅದು ಯೋಚನೆ ಮಾಡುತ್ತಿದೆ ಎಂದಲ್ಲ. 2019ರಲ್ಲಿ ಹತ್ತು ತಿಂಗಳ ಆರ್ಗನಾಯ್ಡ್‌ಗಳ ವಿದ್ಯುತ್ ಲಯದ ಕೆಲವು ಲಕ್ಷಣಗಳು ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ಮೆದುಳಿನ ಅಲೆಗಳನ್ನು ಹೋಲುತ್ತವೆ ಎಂಬ ವರದಿ ಬಂತು. ಮಾರನೆಯ ದಿನದಿಂದ ‘ಬಾಟಲಿಯಲ್ಲಿ ಕೂಸಿನ ಮನಸ್ಸು’! ತಟ್ಟೆಯಲ್ಲಿ ಬೆಳೆಸಿದ ಹೃದಯದ ಕೋಶಗಳೂ ತಾಳ ಹಾಕಿದಂತೆ ಮಿಡಿಯುತ್ತವೆ. ಅವಕ್ಕೆ ಪ್ರೇಮವಾಗಿದೆ ಎಂದು ಯಾರೂ ಬರೆಯಲಿಲ್ಲ. ಆರ್ಗನಾಯ್ಡ್‌ಗೆ ಕಣ್ಣಿಲ್ಲ, ಕಿವಿಯಿಲ್ಲ, ಹೊರಗಿನಿಂದ ಸುದ್ದಿ ತರುವ ಒಂದು ನರವೂ ಇಲ್ಲ. ಯಾವುದರ ಬಗ್ಗೆ ಯೋಚಿಸಬೇಕು ಪಾಪ? ‘ಪಾಂಗ್’ ಎಂಬ ವಿಡಿಯೊ ಆಟ ಆಡಿ ಸುದ್ದಿಯಾದದ್ದು, 2022ರಲ್ಲಿ, ಎಲೆಕ್ಟ್ರಾನಿಕ್ ಚಿಪ್ ಮೇಲೆ ಹರಡಿದ ಸುಮಾರು 8 ಲಕ್ಷ ಕೋಶಗಳ ಚಪ್ಪಟೆ ಪದರ. ಅದು ಆರ್ಗನಾಯ್ಡೇ ಅಲ್ಲ. ಆ ಪ್ರಬಂಧದ ಶೀರ್ಷಿಕೆಯಲ್ಲೇ ಸಂವೇದನಾಶಕ್ತಿಯ ಮಾತೆತ್ತಿದ ವಿಜ್ಞಾನಿಗಳನ್ನು ಮಾತ್ರ ನಾನು ಪೂರ್ತಿ ಬಿಡುವುದಿಲ್ಲ. ಅವರ ಸಹೋದ್ಯೋಗಿಗಳೂ ಬಿಡಲಿಲ್ಲ.

ಇನ್ನು ಬಸಣ್ಣನವರ ಇಲಿ. ಅದು ಸುಳ್ಳಲ್ಲ. 2022ರಲ್ಲಿ ಸ್ಟ್ಯಾನ್‌ಫರ್ಡ್‌ನ ಸೆರ್ಜಿಯು ಪಾಸ್ಕಾ ತಂಡ ಇಲಿಮರಿಗಳ ಮೆದುಳಿಗೆ ಮಾನವ ಆರ್ಗನಾಯ್ಡ್ ನಾಟಿ ಮಾಡಿತು. ಮೀಸೆ ಅಲುಗಿಸಿದರೆ ಒಳಗಿದ್ದ ಮಾನವ ನರಕೋಶಗಳೂ ಮಿಡಿದವು. ಆದರೆ ನಾಟಿ ಮಾಡಿದ್ದು ಇಲಿಗೆ ಅನುಕೂಲವಾಗಲೆಂದಲ್ಲ, ಕೋಶಗಳಿಗೆ ರಕ್ತ ಸಿಗಲೆಂದು. ರಕ್ತ ಸಿಕ್ಕರೆ ನರಕೋಶ ದೊಡ್ಡದಾಗಿ ಬಲಿಯುತ್ತದೆ, ಸಂಧಿಗಳನ್ನು ಚೆನ್ನಾಗಿ ನೋಡಬಹುದು. ಪರಕೀಯ ಕೋಶಗಳನ್ನು ತಳ್ಳಿಹಾಕದಂತೆ ರೋಗನಿರೋಧಕ ಶಕ್ತಿ ಕುಂದಿದ ಇಲಿಗಳನ್ನೇ ಆರಿಸಿದ್ದರು. ವಿಡಿಯೊದಲ್ಲಿ ಇದೊಂದೂ ಇರಲಿಲ್ಲ, ಹಿನ್ನೆಲೆ ಸಂಗೀತವಿತ್ತು.

ಅವಸರ ಈ ಕೆಲಸಕ್ಕೆ ಆಗಿಬರುವುದಿಲ್ಲ. ಮಾನವ ಕೋಶ ತಟ್ಟೆಯಲ್ಲೂ ತನ್ನದೇ ಗಡಿಯಾರ ನೋಡಿಕೊಂಡು ನಡೆಯುತ್ತದೆ. ಜನನದ ಆಸುಪಾಸಿನಲ್ಲಿ ಮಗುವಿನ ಮೆದುಳಿನಲ್ಲಿ ಆಗುವ ಕೆಲವು ಬದಲಾವಣೆಗಳು ಆರ್ಗನಾಯ್ಡ್‌ನಲ್ಲಿ 250ರಿಂದ 300ನೇ ದಿನದ ಹೊತ್ತಿಗೆ ಕಾಣುತ್ತವೆ ಎಂದು 2021ರ ಅಧ್ಯಯನ ತೋರಿಸಿತು. ಇದನ್ನು ಹೇಳಿದಾಗ ಬಸಣ್ಣನವರು ಬೆರಳು ಮಡಚಿ ಎಣಿಸಿ, ‘ಅಂದ್ರ ಹಡಿಯೋದ ಲಗು ಆತಲ್ರಿ’ ಅಂದರು.

ಬೇಗ ಆದರೆ ಒಳ್ಳೆಯದು ಎಂಬ ನಂಬಿಕೆಗೂ ಇಲ್ಲೇ ಉತ್ತರವಿದೆ. ಸಿನ್‌ಗ್ಯಾಪ್1 ಎಂಬ ಜೀನ್‌ನ ಎರಡು ಪ್ರತಿಗಳಲ್ಲಿ ಒಂದು ಕೆಟ್ಟರೆ ಬೌದ್ಧಿಕ ಬೆಳವಣಿಗೆ ಕುಂಠಿತವಾಗುತ್ತದೆ. ಈಗ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಕೇಂದ್ರದ ಜೇಮ್ಸ್ ಕ್ಲೆಮೆಂಟ್, ಅಮೆರಿಕದಲ್ಲಿದ್ದಾಗ ಸಹೋದ್ಯೋಗಿಗಳೊಂದಿಗೆ 2012ರಲ್ಲಿ ತೋರಿಸಿದ್ದೇನೆಂದರೆ, ಇಂಥ ಇಲಿಗಳಲ್ಲಿ ಸಿನಾಪ್ಸ್‌ಗಳು ಹೊತ್ತಿಗೆ ಮುಂಚೆಯೇ ಬಲಿತುಬಿಡುತ್ತವೆ, ಕೇಡು ಅದರಿಂದಲೇ. 2023ರಲ್ಲಿ ಮಾನವ ಆರ್ಗನಾಯ್ಡ್‌ಗಳು ಇನ್ನೊಂದು ಗುಟ್ಟು ಬಿಟ್ಟುಕೊಟ್ಟವು: ಸಿನಾಪ್ಸ್‌ನದೇ ಎಂದುಕೊಂಡಿದ್ದ ಆ ಪ್ರೋಟೀನು, ಸಿನಾಪ್ಸ್ ಹುಟ್ಟುವ ಮೊದಲೇ, ನರಕೋಶಗಳ ತಾಯಿಕೋಶಗಳಲ್ಲಿ ಕೆಲಸ ಮಾಡುತ್ತಿತ್ತು. ಸಾಬಕ್ಕಿ ಕಾಳಿನಿಂದ ಸಿಗುವುದು ಇಂಥ ಸುದ್ದಿ. ಬೆಂಗಳೂರಿನ ಸಂಶೋಧನಾ ಸಂಸ್ಥೆಗಳಾದ ನಿಮ್ಹಾನ್ಸ್, ಎನ್‌ಸಿಬಿಎಸ್, ಇನ್‌ಸ್ಟೆಮ್ ಒಟ್ಟಾಗಿ, ತೀವ್ರ ಮನೋರೋಗ ಹಲವರಿಗೆ ಬಂದಿರುವ ಕುಟುಂಬಗಳ ರಕ್ತದಿಂದ ಕೋಶಗಳನ್ನು ಬೆಳೆಸುತ್ತಿರುವುದೂ ರೋಗದ ಬೇರು ಹುಡುಕಲು. ಬದಲಿ ಮೆದುಳು ತಯಾರಿಸಲು ಅಲ್ಲ.

ಮೆದುಳಿನ ಬಗೆಗಿನ ಉಳಿದ ಸುಳ್ಳುಗಳಿಗೆ ಒಂದೊಂದು ಸಾಲು ಸಾಕು. ಮೆದುಳಿನ ಶೇ. 10ರಷ್ಟನ್ನೇ ಬಳಸುತ್ತೇವೆ ಎನ್ನುವುದು ಸುಳ್ಳು. ಕಣ್ಣಿಗೆ ಬಟ್ಟೆ ಕಟ್ಟಿ ಓದಿಸುವ ‘ಮಿಡ್‌ಬ್ರೈನ್ ಆಕ್ಟಿವೇಶನ್’ ಮಕ್ಕಳು ಮೂಗಿನ ಪಕ್ಕದ ಸಂದಿಯಿಂದ ನೋಡುತ್ತಾರೆ, ನಾವು ಕಣ್ಣಾಮುಚ್ಚಾಲೆಯಲ್ಲಿ ನೋಡುತ್ತಿದ್ದಂತೆ. ಸಿನಾಪ್ಸ್ ಹೆಚ್ಚಿದಷ್ಟೂ ಬುದ್ಧಿ ಎಂದು ಗರ್ಭಸಂಸ್ಕಾರದ ತರಗತಿ ಮಾರುವವರಿಗೆ, ಎಳೆಯ ಮಗುವಿಗೆ ದೊಡ್ಡವರಿಗಿಂತ ಹೆಚ್ಚು ಸಿನಾಪ್ಸ್ ಇರುತ್ತವೆಂದೂ, ಬೇಡದ್ದನ್ನು ಕತ್ತರಿಸುವುದೂ ಬೆಳವಣಿಗೆಯೇ ಎಂದೂ ಯಾರು ಹೇಳಬೇಕು?

ಬೇಸರ ಇನ್ನೂ ಹೆಚ್ಚುವುದು ನಾವಿರುವುದು ಪಿಂಪ್ರಿಯಲ್ಲಿ ಎಂಬ ಕಾರಣಕ್ಕೆ. 1954ರಲ್ಲಿ ಹಿಂದೂಸ್ಥಾನ್ ಆ್ಯಂಟಿಬಯಾಟಿಕ್ಸ್ ಸ್ಥಾಪನೆಯಾಗಿ ಪೆನಿಸಿಲಿನ್ ಮಾಡಿದ ಊರು ಇದು. ಮೈಸೂರು ಸೀಮೆಯ ಎಂ. ಜೆ. ತಿರುಮಲಾಚಾರ್ ಅಲ್ಲಿದ್ದಾಗಲೇ ಹ್ಯಾಮೈಸಿನ್ ಎಂಬ ಶಿಲೀಂಧ್ರನಾಶಕ ಕಂಡುಹಿಡಿದದ್ದು. ಅದನ್ನು ಕೊಡುವ ಸೂಕ್ಷ್ಮಜೀವಿಗೆ ಸ್ಟ್ರೆಪ್ಟೊಮೈಸಿಸ್ ಪಿಂಪ್ರಿನಾ ಎಂದು ಊರಿನ ಹೆಸರನ್ನೇ ಇಟ್ಟರು. ಔಷಧವೆಂದರೆ ಎಷ್ಟು ವರ್ಷದ ಪರೀಕ್ಷೆ ಎಂದು ಗೊತ್ತಿದ್ದ ಕಾರ್ಮಿಕರು ಗಲ್ಲಿಗಲ್ಲಿಯಲ್ಲಿದ್ದ ಊರಿನಲ್ಲಿ ಇಂದು ಫೋನಿಗೆ ಬಂದದ್ದೆಲ್ಲ ಔಷಧ. ಹಾಲಿನವನು ನೀರು ಬೆರೆಸಿದನೇ ಎಂದು ದಿನಾ ಅನುಮಾನಿಸುವವರು, ಸೂಜಿಯಲ್ಲಿ ಏನಿದೆ ಎಂದು ಕೇಳುವುದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಸ್ಪಷ್ಟವಾಗಿದೆ: ರಕ್ತದ ನಿಗದಿತ ಕಾಯಿಲೆಗಳಂಥವಕ್ಕೆ ಮಾಡುವ ರಕ್ತಮೂಲ ಸ್ಟೆಮ್ ಸೆಲ್ ಕಸಿ ಬಿಟ್ಟರೆ, ಉಳಿದ ಸ್ಟೆಮ್ ಸೆಲ್ ಬಳಕೆಯೆಲ್ಲ ಅನುಮತಿ ಪಡೆದ ಪ್ರಯೋಗವಾಗಿರಬೇಕು. ಲಕ್ವಾಕ್ಕೆ ಕೊಡುವ ಸೂಜಿ ಆ ಪಟ್ಟಿಯಲ್ಲಿಲ್ಲ.

ಇಷ್ಟನ್ನೂ ಬಸಣ್ಣನವರಿಗೆ ಬಿಡಿಸಿ ಹೇಳಿದೆ. ಸಾಬಕ್ಕಿ ಕಾಳು ಅವರ ಅಂಗೈಯಲ್ಲೇ ಒಣಗಿ ಅಂಟಿಕೊಂಡಿತ್ತು. ಏಳುವ ಹೊತ್ತಿಗೆ, ತಮ್ಮನಿಗೆ ಕೈಕಾಲಿನ ವ್ಯಾಯಾಮ ಮಾಡಿಸುವ ಫಿಜಿಯೋಥೆರಪಿಯ ಹುಡುಗಿ ಬರುತ್ತಿದ್ದಾಳೆಯೇ ಎಂದು ಕೇಳಿದೆ.

‘ಬಿಡಿಸೇನ್ರಿ, ಎರಡ್ ತಿಂಗಳಾತು. ಈ ಇಂಜೆಕ್ಷನ್‌ಗೆ ರೊಕ್ಕಾ ಕೂಡಸಬೇಕಲ್ರಿ.’